ಬರಿಗೈಯಲ್ಲಿ ಬಂದವರ ಮನೆ

ಅದು ಶುರುವಾದದ್ದು ಚಳಿ ಕಳೆದು ಬಿಸಿಲು ಇನ್ನೂ ಬಲಿಯದ ದಿನಗಳಲ್ಲಿ, ಒಂದು ಬೆಳಗ್ಗೆ, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ. ಸೊಸೆ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಕೆಳಮನೆಯ ಬೀಗದ ಕೈ ಕೇಳಿದಳು. ಗುಡಿಸುವುದಕ್ಕಿರಬೇಕು ಅಂದುಕೊಂಡು ಕೊಟ್ಟೆ. ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ ಅವಳ ತಲೆತುಂಬ ಜೇಡರ ಬಲೆ. ಅನ್ನ ಕಲೆಸುತ್ತಾ ಕಲೆಸುತ್ತಾ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದಳು. ನಾನೇನೂ ಕೇಳಲಿಲ್ಲ. ಕೇಳದೆ ಇದ್ದರೆ ಮಾತು ತಾನಾಗಿ ಬರುತ್ತದೆ.

ಸಂಜೆ ಬಂತು. ಬಿಸಿಲುಗಾಲದಲ್ಲಿ ನಮ್ಮ ಕೆರೆಯ ಗಾಳಿಗೆಂದು ದೂರದಿಂದ ಜನ ಬರುತ್ತಾರಲ್ಲ, ಅವರಿಗೆ ಆ ಮನೆಯನ್ನು ನಾಲ್ಕು ದಿನ, ಎಂಟು ದಿನಕ್ಕೆ ಕೊಡೋಣ ಅಂದಳು. ಅಡುಗೆ ಅವರೇ ಮಾಡಿಕೊಳ್ಳುತ್ತಾರೆ, ಮನೆ ನಾನು ನೋಡಿಕೊಳ್ಳುತ್ತೇನೆ ಅಂದಳು.

ನಮ್ಮ ಓಣಿ ಕೆರೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲೆ ನಾವಿರುವ ಮನೆ, ಅದರ ಬೆನ್ನಿಗೆ ಕೆಳಮನೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅಲ್ಲಿಯ ಅಂಗಳ, ಹಿಂಬಾಗಿಲು ಎರಡೂ ಕಾಣುತ್ತವೆ. ಅದು ನನ್ನ ಮಾವನವರು ತಗಡಿನ ಕೆಲಸ ಮಾಡುತ್ತಿದ್ದ ಜಾಗ. ಡಬ್ಬಿ, ಬಕೆಟ್ಟು, ದೀಪದ ಬುಡ್ಡಿ ಎಲ್ಲ ಅಲ್ಲಿ ಆಗುತ್ತಿತ್ತು. ಡಬ್ಬಿಗೆ ಬೆಸುಗೆ ಹಾಕಿ ಮುಚ್ಚುವುದೂ ಅವರೇ, ಊರಿನವರ ಬಿಗಿದುಹೋದ ಡಬ್ಬಿಗಳನ್ನು ತೆರೆದುಕೊಡುವುದೂ ಅವರೇ. ಅದಕ್ಕೆಂದು ಬೆರಳುದ್ದದ ಕಬ್ಬಿಣವನ್ನು ಅರದಲ್ಲಿ ಉಜ್ಜಿ, ತುದಿ ಬಾಗಿಸಿ, ಒಂದು ಸಾಮಾನು ಮಾಡಿಕೊಂಡಿದ್ದರು. ನೋಡುವುದಕ್ಕೆ ಹಕ್ಕಿಯ ಕೊಕ್ಕಿನ ಹಾಗೆಯೇ, ಕರೆಯುವುದೂ ಕೊಕ್ಕು ಎಂದೇ. ಇಬ್ಬರು ಗಂಡುಮಕ್ಕಳಿಗೂ ಒಂದೊಂದು ಮಾಡಿಕೊಟ್ಟು, ಇದು ಜೇಬಲ್ಲಿದ್ದರೆ ಎಲ್ಲೂ ಉಪವಾಸ ಬೀಳಲ್ಲ ಅಂದಿದ್ದರಂತೆ. ನನ್ನ ಗಂಡನ ಕೈ ಅದಕ್ಕೆ ಎಷ್ಟು ಒಗ್ಗಿಹೋಗಿದೆ ಎಂದರೆ ಕೆನ್ನೆ ತುರಿಸುವುದಕ್ಕೂ ಅದೇ.

ಪ್ಲಾಸ್ಟಿಕ್ ಬಂದ ಮೇಲೆ ತಗಡನ್ನು ಕೇಳುವವರಿಲ್ಲದೆ ಕೆಳಮನೆಗೆ ಬೀಗ ಬಿತ್ತು. ಆ ಮನೆಯಲ್ಲಿ ಅರ್ಧ ಪಾಲು ನಮ್ಮದು, ಅರ್ಧ ನನ್ನ ಮೈದುನನದು. ಹಾಗಾಗಿ ಅವನನ್ನು ಕೇಳದೆ ಏನೂ ಮಾಡುವ ಹಾಗಿರಲಿಲ್ಲ.

ಮೈದುನ ಬಸ್ ಡಿಪೋದ ಉಗ್ರಾಣ ನೋಡಿಕೊಂಡು ನಿವೃತ್ತನಾದವನು. ಒಂದು ನಟ್ಟು ಬೇಕೆಂದು ಹೋದ ಮೆಕ್ಯಾನಿಕ್ಕಿಗೆ ಹಳೆಯ ನಟ್ಟು ಎಲ್ಲಿ, ಯಾಕೆ ಸವೆಯಿತು ಎಂದೆಲ್ಲ ಕೇಳಿ ಅರ್ಧ ದಿನ ನಿಲ್ಲಿಸುತ್ತಿದ್ದನಂತೆ. ಡಿಪೋದಲ್ಲಿ ಅವನಿಗೆ ಉಗ್ರಾಣ ಎಂದೇ ಹೆಸರು ಬಿತ್ತು. ಆ ಹೆಸರು ಬಸ್ಸು ಹತ್ತಿ ಮನೆಗೂ ಬಂತು. ಒಡಹುಟ್ಟಿದ ಅಣ್ಣನೇ ಉಗ್ರಾಣ ಬಂದನೇನೇ ಎನ್ನುತ್ತಾನೆ.

ಉಗ್ರಾಣ ಬಂದ. ಅವನು ಆಗಲೇ ಒಂದು ಯೋಚನೆ ಮಾಡಿಟ್ಟಿದ್ದ. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಒಂದು ಕಂಪನಿ ಇದೆ, ಬೀಗದ ಕೈ ಅವರಿಗೆ ಕೊಟ್ಟುಬಿಟ್ಟರೆ ಸುಣ್ಣ ಬಳಿದು, ಮಂಚ ಹಾಕಿ, ಜನರನ್ನೂ ಅವರೇ ಕರೆದುಕೊಂಡು ಬರುತ್ತಾರೆ, ನಮಗೆ ತಲೆನೋವಿಲ್ಲ ಅಂದ. ಸೊಸೆ ತಲೆ ತಗ್ಗಿಸಿಯೇ ಹೇಳಿದಳು, ತಲೆನೋವು ನನಗಿರಲಿ ಅಂತ. ಒಳಗೆ ಏನೇನು ಇಡುತ್ತೀಯ ಎಂದು ಅವನು ಕೇಳಿದ. ಅವಳು ಹೇಳುತ್ತಾ ಹೋದಳು, ಅವನು ಡಿಪೋದ ಕಿಂಡಿಯ ಹಿಂದೆ ಕೂತವನ ಹಾಗೆ ಕಣ್ಣು ಮುಚ್ಚಿ ಕೇಳುತ್ತಾ ಹೋದ. ಹಾಸಿಗೆ, ಹೊದಿಕೆ, ಪಾತ್ರೆ ತನಕ ಸುಮ್ಮನಿದ್ದ. ಉಪ್ಪು ಎಂದಾಗ ಕಣ್ಣು ತೆರೆದ.

"ಅಲ್ಲಮ್ಮಾ, ಅಡುಗೆ ಮಾಡ್ಕೊಳ್ಳೋರು ಉಪ್ಪು ತಂದ್ಕೊಳ್ಳಲ್ವಾ? ಇವತ್ತು ಉಪ್ಪು ಇಡು, ನಾಳೆ ನೀನೇ ಬಂದು ಬಡಿಸು ಅಂತಾರೆ."

"ತಂದ್ಕೋತಾರೆ ಚಿಕ್ಕ ಮಾವ, ಎರಡನೇ ದಿನ. ಮೊದಲನೇ ಸಂಜೆ ಬಂದಿಳಿದೋರಿಗೆ ಅಂಗಡಿ ಯಾವ ಕಡೆ ಅಂತಾನೂ ಗೊತ್ತಿರಲ್ಲ."

ಅವಳು ಹಾಗೆ ಹೇಳುವುದಕ್ಕೆ ಕಾರಣ ನನಗೆ ಗೊತ್ತಿತ್ತು. ಅವಳ ಅಪ್ಪ ಸೇತುವೆ ಕೆಲಸದ ಮೇಸ್ತ್ರಿ. ಒಂದು ಸೇತುವೆ ಮುಗಿದರೆ ಇನ್ನೊಂದು ಊರು, ಇನ್ನೊಂದು ಖಾಲಿ ಕೋಣೆ. ತಲುಪುವಾಗ ಯಾವಾಗಲೂ ಕತ್ತಲಾಗುತ್ತಿತ್ತಂತೆ. ಅವಳ ಅಮ್ಮ ಒಂದು ಗಂಟನ್ನು ಮಾತ್ರ ಲಾರಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದರು. ಅದರಲ್ಲಿ ಬೆಂಕಿಪೊಟ್ಟಣ, ಮೇಣದಬತ್ತಿ, ಉಪ್ಪು, ಚಹಾಪುಡಿ, ಸೋಪು, ಒಂದು ಹಗ್ಗ. ಉಳಿದ ಸಾಮಾನು ಯಾವಾಗಾದರೂ ಬರಲಿ, ಆ ಗಂಟು ಬಿಚ್ಚಿದ ಕೂಡಲೇ ಕೋಣೆ ಮನೆಯಾಗುತ್ತಿತ್ತು ಎಂದು ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನನ್ನೊಂದಿಗೆ ಕಾಳು ಆರಿಸುತ್ತಾ ಹೇಳಿದ್ದಳು. ಗಂಟು ಮರೆತುಹೋದ ಒಂದು ಸಂಜೆಯ ಕತೆಯನ್ನೂ ಹೇಳಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವಳು ಅತ್ತಿದ್ದಳು.

ಉಗ್ರಾಣ ಸುಲಭಕ್ಕೆ ಬಗ್ಗುವವನಲ್ಲ. ಕೊನೆಗೆ ಅವನೇ ಒಂದು ಪಂಥ ಕಟ್ಟಿದ. "ಮನೆ ಸಿದ್ಧ ಮಾಡಿ ಹೇಳು. ಮೊದಲನೇ ಅತಿಥಿ ನಾನೇ. ಉಟ್ಟ ಬಟ್ಟೆ, ಇನ್ನೊಂದು ಜೊತೆ ಬಟ್ಟೆ, ಅಷ್ಟೇ ತರೋದು. ಅಕ್ಕಿ ತರಕಾರಿ ಕೊಂಡ್ಕೋತೀನಿ, ಅದು ಬಂದೋರ ಪಾಡು. ಮಿಕ್ಕಿದ್ದೆಲ್ಲ ಮನೇಲಿರಬೇಕು. ಅದು ಕೊಡಿ ಇದು ಕೊಡಿ ಅಂತ ನಾನು ಒಂದೇ ಒಂದು ಸಲ ಮೇಲೆ ಬಂದ್ರೆ ಬೀಗದ ಕೈ ಕಂಪನಿಗೆ. ಬರದೇ ಹೋದ್ರೆ ನಿನಗೆ."

ಸೊಸೆ ಆಗಲಿ ಎಂದಳು. ಮನೆಗೆ ಬಂದಾಗಿನಿಂದ ಅವಳು ತನಗೆಂದು ಕೇಳಿದ್ದು ಅದೊಂದನ್ನೇ. ನನ್ನ ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅವಳಿಗೆ ನನ್ನ ಅಡುಗೆಮನೆಯಲ್ಲಿ ಏನು ಕೊರತೆ ಎಂದು ಕೇಳಿದರೆ ಏನೂ ಇಲ್ಲ. ಆದರೆ ಅದು ನನ್ನ ಅಡುಗೆಮನೆ, ಅಷ್ಟೇ.

ಆಮೇಲೆ ಅವಳ ಕೆಲಸ ನೋಡಬೇಕಿತ್ತು. ಗೋಡೆಯ ಮಸಿ ಉಜ್ಜಿದಳು, ಸುಣ್ಣ ಬಳಿದಳು. ಬಚ್ಚಲಿಗೆ ಹೊಸ ಬಕೆಟ್ಟು, ಚೊಂಬು ತಂದಳು. ಬಳಸಿ ಬಿಟ್ಟ ಸೋಪನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ಸಣ್ಣ ಸಣ್ಣ ಹೊಸ ಸೋಪುಗಳನ್ನೇ ತಂದಳು. ಎಣ್ಣೆಯೂ ಹಾಗೆಯೇ. ಅರ್ಧ ಖಾಲಿಯಾದ ಸೀಸೆ ಕಂಡರೆ ಯಾರದೋ ಉಳಿಕೆ ಅನ್ನಿಸುತ್ತದೆ, ಮುಚ್ಚಿದ ಸಣ್ಣ ಡಬ್ಬಿ ಇಟ್ಟರೆ ನಮಗೆಂದೇ ಇಟ್ಟಿದ್ದಾರೆ ಅನ್ನಿಸುತ್ತದೆ ಎಂಬುದು ಅವಳ ಮಾತು. ನನ್ನ ಗಂಡ ಡಬ್ಬಿಯನ್ನು ಬೆರಳಿನಿಂದ ತಟ್ಟಿ ನೋಡಿ, ಒಳ್ಳೆ ತಗಡು ಅಂದ.

ಎಲ್ಲ ಆಯಿತು ಅಂದುಕೊಂಡಾಗ ಅವಳು ಒಂದು ಹೊಸ ಪದ್ಧತಿ ತೆಗೆದಳು. ಮೈದುನ ಬರುವ ಮೊದಲು ನಾವಿಬ್ಬರು ಮುದುಕರು ಒಂದು ಸಂಜೆಯಿಂದ ಮಾರನೆಯ ಮಧ್ಯಾಹ್ನದವರೆಗೆ ಕೆಳಮನೆಯಲ್ಲಿ ಬರಿಗೈಯಲ್ಲಿ ಇರಬೇಕು. ನಮಗೆ ಏನಿಲ್ಲದೆ ಕೈ ಕಟ್ಟಿತೋ ಅದನ್ನು ಅವಳು ತಂದಿಡುತ್ತಾಳೆ. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ತಡಕಿದಳು. ನನ್ನ ಬಟ್ಟೆಯಲ್ಲಿದ್ದ ಪಿನ್ನು ತೆಗೆದಳು, ಬಾಯಿಗೆ ಹಾಕಿಕೊಳ್ಳುವ ಲವಂಗದ ಡಬ್ಬಿ ಕಿತ್ತುಕೊಂಡಳು. ನನ್ನ ಗಂಡನ ಬೆಂಕಿಪೊಟ್ಟಣ, ಕರವಸ್ತ್ರ ಎರಡೂ ಹೋದವು. ಬೀಗದ ಕೈ ಗೊಂಚಲಿಗೆ ಕೈ ಹಾಕಿದಾಗ ಅವನು, "ಇದನ್ನೂ ಕಿತ್ಕೊಂಡ್ರೆ ಬಾಗಿಲಿಗೆ ನಿನ್ನ ಅತ್ತೇನ ಒರಗಿಸಿ ಮಲಗ್ಲಾ?" ಅಂದ. ನಕ್ಕು ಬಿಟ್ಟುಬಿಟ್ಟಳು.

ಆ ಸಂಜೆ ನನ್ನ ಮನೆಯ ಪಕ್ಕದಲ್ಲೇ ನಾನು ಪರವೂರಿನವಳಾದೆ. ಬಿಸಿ ಪಾತ್ರೆಯನ್ನು ಉಟ್ಟ ಬಟ್ಟೆಯ ತುದಿಯಿಂದ ಹಿಡಿದು ಇಳಿಸಿದೆ. ಮರುದಿನ ಅದನ್ನು ಹೇಳಿದಾಗ, ಬಂದವರು ಅಂಗಿ ಬಿಚ್ಚಿ ಇಳಿಸಬೇಕೇ ಎಂದು ದಪ್ಪ ಬಟ್ಟೆಯ ಎರಡು ತುಂಡು ಹೊಲಿದು ಒಲೆಯ ಪಕ್ಕ ನೇತುಹಾಕಿದಳು. ಚಾಕು ಟೊಮೆಟೊವನ್ನು ಕತ್ತರಿಸದೆ ಜಜ್ಜುತ್ತಿತ್ತು, ಅದನ್ನು ಸಾಣೆಗೆ ಕೊಟ್ಟಳು. ಕಸ ಹಾಕುವುದಕ್ಕೆ ಡಬ್ಬವಿತ್ತು, ಆದರೆ ಅದರೊಳಗೆ ಚೀಲವಿರಲಿಲ್ಲ. ಒದ್ದೆ ಬಟ್ಟೆ ಹರವುವುದಕ್ಕೆ ಹಗ್ಗವಿರಲಿಲ್ಲ. ಅಮ್ಮನ ಗಂಟಿನಲ್ಲಿ ಇರುತ್ತಿದ್ದದ್ದನ್ನೇ ಮರೆತೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಕತ್ತಲಲ್ಲಿ ಸ್ವಿಚ್ಚು ಹೇಗೆ ಸಿಕ್ಕಿತು ಎಂದು ನನ್ನ ಗಂಡನನ್ನು ಕೇಳಿದಳು.

"ನಮ್ಮಪ್ಪ ಹಾಕಿಸಿದ್ದು, ನನಗೆ ಸಿಗದೆ ಇನ್ಯಾರಿಗೆ ಸಿಗತ್ತೆ?" ಅಂದ ಅವನು. ಅವಳು ಕೂಡಲೇ ಹೋಗಿ ಆ ಸ್ವಿಚ್ಚನ್ನು ಬಾಗಿಲ ಹಿಂದಿನಿಂದ ಈಚೆ ಹಾಕಿಸಿದಳು. ಈ ಮನೆಯವರಿಗೆ ಗೊತ್ತಿರುವುದೇ ದೊಡ್ಡ ಕಷ್ಟ ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು. ನಾವು ಖರ್ಚು ಮಾಡಿದ ಎಣ್ಣೆ ಡಬ್ಬಿಯ ಜಾಗಕ್ಕೆ ಹೊಸದೊಂದು ಇಟ್ಟಳು.

ಉಗ್ರಾಣ ಭಾನುವಾರ ಸಂಜೆ ಬಂದ, ಜೊತೆಯಲ್ಲಿ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ಗಂಡ ಸುಮ್ಮನಿದ್ದಷ್ಟು ಹೊತ್ತು ಮಾತಾಡುವವಳು, ಹಾಗಾಗಿ ಪಾಪ, ಅವಳಿಗೆ ಮಾತಾಡುವುದಕ್ಕೆ ಸಿಗುವುದು ಕಡಿಮೆ. ನಿಜವಾಗಿಯೂ ಒಂದೇ ಚೀಲ. ನಾನು ಹೆಚ್ಚಿನ ಬೀಗದ ಕೈಗೆ ದಾರ ಕಟ್ಟಿ ಕೊಟ್ಟೆ. ಅವನು ಅದನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು, ಚಹಾ ಕುಡಿದು ಹೋಗು ಅಂದರೂ ಕೇಳದೆ, ಅತಿಥಿ ಮನೆಯವರ ಚಹಾ ಕುಡಿಯಬಾರದು ಎಂದು ಮೆಟ್ಟಿಲಿಳಿದ.

ಮುಂದಿನ ದಿನಗಳಲ್ಲಿ ಕೆಳಗೆ ಏನೇನಾಯಿತು ಎಂಬುದರಲ್ಲಿ ಅರ್ಧ ನಾನು ಕಿಟಕಿಯಿಂದ ಕಂಡದ್ದು, ಅರ್ಧ ವಾರಗಿತ್ತಿ ಆಮೇಲೆ ಹೇಳಿದ್ದು. ಅವನು ಇರುವುದಕ್ಕೆ ಬಂದಿರಲಿಲ್ಲ, ತಪ್ಪು ಹಿಡಿಯುವುದಕ್ಕೆ ಬಂದಿದ್ದ. ಹಲ್ಲುಜ್ಜುವ ಬ್ರಷ್ಷು ಇರುವುದಿಲ್ಲ ಎಂದು ಗೆದ್ದವನ ಹಾಗೆ ಬಚ್ಚಲಿಗೆ ಹೋದರೆ ಅಲ್ಲಿ ಲೋಟದಲ್ಲಿ ಎರಡು, ಕಾಗದ ಬಿಚ್ಚದೆ ಇದ್ದವು. ಬೇಕೆಂದೇ ಹಾಸಿಗೆಯ ಮೇಲೆ ಚಹಾ ಚೆಲ್ಲಿದ. ಬೀರುವಿನ ಮೇಲಿನ ಖಾನೆಯಲ್ಲಿ ಒಗೆದು ಮಡಿಸಿದ ಇನ್ನೊಂದು ಜೊತೆ ಹಾಸುಬಟ್ಟೆ ಇತ್ತು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡ, ಅದು ಬೇಕೆಂದು ಅಲ್ಲವಂತೆ, ಸಾಣೆ ಹಿಡಿದ ಚಾಕು ಅವನಿಗೆ ಹೊಸದು. ಒಲೆಯ ಪಕ್ಕದ ಖಾನೆಯಲ್ಲಿ ಪಟ್ಟಿ, ಹತ್ತಿ, ಹಳದಿ ಮುಲಾಮು ಸಿಕ್ಕಿದವು. ಬೆರಳಿನ ನೋವಿಗಿಂತ ಆ ಪಟ್ಟಿ ಸಿಕ್ಕಿದ ನೋವೇ ಜಾಸ್ತಿ ಇತ್ತು ಅಕ್ಕ, ಅಂದಳು ವಾರಗಿತ್ತಿ.

ಸೋಮವಾರ ಮಧ್ಯಾಹ್ನ ಅವನು ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಾಲ್ಕೂ ಕಡೆ ನೋಡುತ್ತಿದ್ದ. ಕೈಯಲ್ಲಿ ಒದ್ದೆ ಟವೆಲು. ಮೆಟ್ಟಿಲ ಕಡೆಗೆ ಬಂದ. ನನ್ನ ಹಿಂದೆ ಸೊಸೆ ಬಂದು ನಿಂತಳು. ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ತಲೆ ಎತ್ತಿ, ಮೇಲೆ ಕಟ್ಟಿದ್ದ ಹಗ್ಗ ಕಂಡು, ಕಾಲು ತೆಗೆದ. ಟವೆಲು ಹರವಿ, ಕ್ಲಿಪ್ಪು ಇದೆಯೇ ಎಂದು ನೋಡಿ, ಅದೂ ಇದ್ದದ್ದಕ್ಕೆ ಒಂದನ್ನು ತೆಗೆದು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತ. ಸೊಸೆ ಹಿಂದೆ ಸರಿದು ಹಿಟ್ಟು ಕಲೆಸುವುದಕ್ಕೆ ಕೂತಳು. ಎರಡು ದಿನಕ್ಕಾಗುವಷ್ಟು ಹಿಟ್ಟು ಕಲೆಸಿಬಿಟ್ಟಳು.

ಮಂಗಳವಾರ ಕೆಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ವಾರಗಿತ್ತಿ ಗುನುಗುತ್ತಿದ್ದುದೂ ಕೇಳಿಸಿತು. ಆ ದಿನ ಅವನು ಹೊರಗೆ ಬರಲೇ ಇಲ್ಲ. ಆಮೇಲೆ ಗೊತ್ತಾಯಿತು, ಊಟ ಮಾಡಿ ಮಲಗಿ ಚೆನ್ನಾಗಿ ನಿದ್ದೆ ಮಾಡಿದ್ದನಂತೆ. ಪರೀಕ್ಷೆ ಮಾಡುವುದು ಮರೆತೇ ಹೋಯಿತಂತೆ.

ಬುಧವಾರ ಬೆಳಗ್ಗೆ ಇಬ್ಬರೂ ಚೀಲ ಹಿಡಿದು ಮೇಲೆ ಬಂದರು. ಈಗ ಅವನು ಅತಿಥಿಯಲ್ಲ, ಚಹಾ ಕುಡಿಯಬಹುದು. ಕೂತ, ಗಂಟಲು ಸರಿಮಾಡಿಕೊಂಡ, ಹೇಳಿದ.

"ಅತ್ತಿಗೆ, ನಾನು ಹುಡುಕದೇ ಇದ್ದ ಜಾಗ ಇಲ್ಲ. ಏನೂ ಕಮ್ಮಿ ಇಲ್ಲ. ಕಂಪನಿಯೋರಿಗೆ ಬೇಡ ಅಂತ ಹೇಳ್ತೀನಿ."

ನನ್ನ ಗಂಡ ಖುಷಿಯಲ್ಲಿ ಎದ್ದ. ಮಗ ದಾರಿಯಿಂದ ತಂದಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯೊಂದು ಕಪಾಟಿನಲ್ಲಿತ್ತು, ಯಾವುದಾದರೂ ಒಳ್ಳೆಯ ದಿನಕ್ಕೆ ಎಂದು ಎತ್ತಿಟ್ಟದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೀಗದ ಕೈ ಗೊಂಚಲು ತೆಗೆದು, ಅದರಲ್ಲಿ ನೇತಾಡುತ್ತಿದ್ದ ಕೊಕ್ಕನ್ನು ಅಂಚಿಗೆ ಹಾಕಿ ಒಂದು ಸುತ್ತು ತಿರುಗಿಸಿದ. ಮುಚ್ಚಳ ಹೂವಿನ ಹಾಗೆ ಎದ್ದುಬಂತು. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಸೊಸೆಯೂ ನೋಡಿದ್ದಾಳೆ. ಆದರೆ ಅವತ್ತು ಅವಳು ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತು, ಆ ಕೈಯನ್ನೇ ನೋಡಿದಳು. ಅವಳು ಏನು ನೋಡಿದಳೆಂದು ನನಗೂ ಹೊಳೆಯಿತು. ಕೆಳಗಿನ ಎಣ್ಣೆ ಡಬ್ಬಿ ಬೆಸುಗೆ ಹಾಕಿದ್ದು. ಅದನ್ನು ತೆರೆಯುವುದಕ್ಕೆ ಆ ಮನೆಯಲ್ಲಿ ಏನೂ ಇರಲಿಲ್ಲ. ನಾವು ಇದ್ದಾಗ ನನ್ನ ಗಂಡ ಬೀಗದ ಕೈ ಗೊಂಚಲಿನಿಂದಲೇ ತೆರೆದಿದ್ದ. ಮೈದುನನೂ ಅದೇ ಅಪ್ಪನ ಮಗ, ಅದೇ ಕೊಕ್ಕು. ಇಬ್ಬರಿಗೂ ಅದು ಕೈಯ ಬೆರಳಿದ್ದ ಹಾಗೆ, ತಂದೆವು ಎಂಬ ನೆನಪೇ ಇಲ್ಲ.

ನಾನು ಅವಳ ಕಣ್ಣು ಹಿಡಿದು, ಬೇಡ ಎಂದು ಸಣ್ಣಗೆ ತಲೆಯಾಡಿಸಿದೆ. ಅವರು ಬಸ್ಸು ಹತ್ತಲಿ, ಸಂಜೆ ಒಂದು ಕೊಂಡು ತಂದಿಟ್ಟರಾಯಿತು, ಯಾರಿಗೆ ಏನು ನಷ್ಟ? ಅವಳಿಗೆ ಅರ್ಥವಾಯಿತು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಚಿಕ್ಕ ಮಾವ, ಕೆಳಗೆ ಎಣ್ಣೆ ಡಬ್ಬಿ ಹೇಗೆ ತೆಗೆದ್ರಿ?"

"ಹೇಗೆ ಅಂದ್ರೆ? ತೆಗೆದೆ."

"ಯಾವುದರಲ್ಲಿ?"

ಅವನು ಜೇಬಿಗೆ ಕೈ ಹಾಕಿ ಗೊಂಚಲು ಹೊರತೆಗೆದ. ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡಿದ. ಅಣ್ಣ ತನ್ನ ಕೈಯಲ್ಲಿದ್ದದ್ದನ್ನು ನೋಡಿದ. ಎರಡು ಕೊಕ್ಕು, ಎರಡೂ ಒಂದೇ ಅರದಲ್ಲಿ ಉಜ್ಜಿದ್ದು.

"ಅದು ಮನೇಲಿರಲಿಲ್ಲ, ನಿಮ್ಮ ಜೇಬಲ್ಲಿತ್ತು," ಅಂದಳು ಸೊಸೆ. "ಶುಕ್ರವಾರಕ್ಕೆ ಒಂದು ಸಂಸಾರದೋರು ಬರ್ತೀವಿ ಅಂತ ಕೇಳಿದ್ದಾರೆ. ಅವರಿಗೆ ನಿಮ್ಮಪ್ಪ ಕೊಕ್ಕು ಮಾಡಿಕೊಟ್ಟಿರಲ್ಲ. ಎಣ್ಣೆ ಮುಂದೆ ಇಟ್ಕೊಂಡು ಸಂಜೆಯೆಲ್ಲ ಕೂತಿರ್ತಾರೆ. ನಾನು ಇಟ್ಟಿಲ್ಲ ಚಿಕ್ಕ ಮಾವ. ಇಲ್ಲದ್ದು ಇಲ್ಲ."

ವಾರಗಿತ್ತಿ ಬಿಸ್ಕತ್ತು ಕಚ್ಚಿದವಳು ಅಗಿಯುವುದನ್ನೇ ನಿಲ್ಲಿಸಿದಳು.

"ಹಾಗಾದ್ರೆ ಸೋತೆ ತಾನೇ ನೀನು?" ಅಂದ ಉಗ್ರಾಣ.

"ಸೋತೆ," ಅಂದಳು. ಕೈ ಬಟ್ಟೆಯ ತುದಿ ಹಿಡಿದುಕೊಂಡಿತ್ತು.

ಅವನು ಎದ್ದು, ಗೊಂಚಲು ಹಿಡಿದುಕೊಂಡು ಮೆಟ್ಟಿಲಿಳಿದ. ಬೀಗ ಹಾಕಿ ಕಂಪನಿಗೆ ಕೊಡುವುದಕ್ಕೆ ಹೋದ ಅಂದುಕೊಂಡೆವು. ನನ್ನ ಗಂಡ ತಮ್ಮನನ್ನು ಕೂಗುವುದಕ್ಕೆ ಬಾಯಿ ತೆರೆದ, ನಾನು ಬೇಡ ಅಂದೆ. ಕಿಟಕಿಗೆ ಹೋದೆ. ಕೆಳಗೆ ಹಿಂಬಾಗಿಲು ತೆರೆದಿತ್ತು. ಒಲೆಯ ಪಕ್ಕ ಅವನ ಬೆನ್ನು ಕಾಣುತ್ತಿತ್ತು. ಅಂಗಳದಿಂದ ಒಂದು ಕಲ್ಲು ತಂದ. ಟಕ್ ಟಕ್ ಎಂದು ಹೊಡೆಯುವ ಸದ್ದು ಬಂತು. ಮಾವನವರು ಇದ್ದಾಗ ಆ ಮನೆಯಿಂದ ಬೆಳಗಿನಿಂದ ಸಂಜೆಯವರೆಗೆ ಬರುತ್ತಿದ್ದದ್ದು ಅಂಥದೇ ಸದ್ದು. ನನ್ನ ಗಂಡ ಡಬ್ಬಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದು ನಿಂತ.

ಉಗ್ರಾಣ ವಾಪಸು ಬಂದಾಗ ಗೊಂಚಲಿನಲ್ಲಿ ಕೊಕ್ಕು ಇರಲಿಲ್ಲ. ಒಲೆಯ ಪಕ್ಕ ಮೊಳೆ ಹೊಡೆದು ನೇತುಹಾಕಿ ಬಂದಿದ್ದ.

"ಉಗ್ರಾಣದಲ್ಲಿ ಕೂತು ಎಂಥೆಂಥವರನ್ನೋ ನೋಡಿದ್ದೀನಿ," ಅಂದ, ಯಾರ ಮುಖವನ್ನೂ ನೋಡದೆ. "ಇರೋದನ್ನ ಇಲ್ಲ ಅಂದೋರು, ಇಲ್ಲದ್ದನ್ನ ಇದೆ ಅಂತ ಸಹಿ ಹಾಕ್ದೋರು. ಎಲ್ಲಾ ಸರಿ ಇದೆ ಅಂದಮೇಲೂ ಎದ್ದು ಒಂದು ಕಮ್ಮಿ ಇದೆ ಅಂದೋಳು ನೀನೊಬ್ಬಳೇ. ಕಂಪನಿಯೋರು ಹೇಳಲ್ಲಮ್ಮಾ ಅದನ್ನ. ಮನೆ ನೀನೇ ನೋಡ್ಕೋ." ಆಮೇಲೆ, "ಬರೋರಿಗೆ ಅದನ್ನ ಹೇಗೆ ಹಿಡೀಬೇಕು ಅಂತ ತೋರಿಸ್ಕೊಡು. ಉಲ್ಟಾ ಹಿಡಿದ್ರೆ ಕೈ ಕೊಯ್ಯತ್ತೆ," ಅಂದು ತನ್ನ ಪಟ್ಟಿ ಕಟ್ಟಿದ ಬೆರಳನ್ನು ನೋಡಿ ತಾನೇ ನಕ್ಕ.

ಅದು ನಿಮ್ಮಪ್ಪನದು, ನಿಮ್ಮ ಹತ್ತಿರವೇ ಇರಲಿ ಎಂದು ಅವಳು ಹೇಳಿ ನೋಡಿದಳು. ಅಪ್ಪನ ಸಾಮಾನು ಅಪ್ಪನ ಜಾಗಕ್ಕೆ ಸೇರಿತು, ನಿನ್ನ ಮಾವನದನ್ನ ನಾನು ಕೇಳಿ ತಗೋತೀನಿ ಬಿಡು ಅಂದ. ನನ್ನ ಗಂಡ ಥಟ್ಟನೆ ಜೇಬು ಮುಚ್ಚಿಕೊಂಡ. ಎಲ್ಲರೂ ನಕ್ಕೆವು.

ದಾರ ಕಟ್ಟಿದ ಬೀಗದ ಕೈಯನ್ನು ಅವನು ಹಿರಿಯಳೆಂದು ನನ್ನ ಕೈಗೆ ಕೊಟ್ಟ. ನನಗೆ ಹೊಗಳುವುದಕ್ಕೆ ಬರುವುದಿಲ್ಲ, ಹಿಂದೆಯೂ ಬಂದಿಲ್ಲ. ಅದನ್ನು ಸೊಸೆಯ ಕೈಗೆ ಹಾಕಿ, ಇನ್ನು ಮೇಲೆ ಬೆಳಗ್ಗೆ ಬೆಳಗ್ಗೆ ನನ್ನನ್ನು ಕೇಳಬೇಡ ಅಂದೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆರಿಹೋದ ಚಹಾ ಬಿಸಿ ಮಾಡುವುದಕ್ಕೆ ಹೋದಳು. ಒಲೆಯ ಮುಂದೆ ನಿಂತ ಅವಳ ಬೆನ್ನು ಯಾವತ್ತಿಗಿಂತ ನೆಟ್ಟಗಿತ್ತು. ನನ್ನದೂ ಇದ್ದಿರಬೇಕು, ವಾರಗಿತ್ತಿ ನನ್ನನ್ನು ನೋಡಿ, ಏನಕ್ಕ, ಸೊಂಟನೋವು ಹೋಯಿತೇ ಎಂದು ಕೇಳಿದಳು.

ಉಗ್ರಾಣ ಮತ್ತು ವಾರಗಿತ್ತಿ ಮಧ್ಯಾಹ್ನದ ಬಸ್ಸಿಗೆ ಹೊರಟರು. ಸಂಜೆ ಸೊಸೆ ಪೇಟೆಗೆ ಹೋಗಿ ಎಲ್ಲರಿಗೂ ಗೊತ್ತಿರುವ ಥರದ, ಕಿವಿ ತಿರುಗಿಸಿ ಡಬ್ಬಿ ತೆರೆಯುವ ಸಾಮಾನೊಂದನ್ನೂ ತಂದು ಕೊಕ್ಕಿನ ಪಕ್ಕದಲ್ಲಿ ನೇತುಹಾಕಿದಳು. ಈಗಲೂ ಎರಡೂ ಅಲ್ಲಿವೆ. ಬಂದವರಲ್ಲಿ ಹೆಚ್ಚಿನವರು ಹೊಸದನ್ನು ಬಳಸಿ, ಹಳೆಯದು ಯಾರದು ಎಂದು ಕೇಳುತ್ತಾರೆ. ಪ್ರತಿ ಬಿಸಿಲುಗಾಲದ ಮೊದಲು ನಾವಿಬ್ಬರೂ ಬರಿಗೈಯಲ್ಲಿ ಒಂದು ಸಂಜೆ ಅಲ್ಲಿರುತ್ತೇವೆ. ಈಗ ಸೊಸೆ ಬಾಗಿಲಲ್ಲಿ ಗೊಂಚಲನ್ನೂ ಕಿತ್ತುಕೊಳ್ಳುತ್ತಾಳೆ, ದಾರ ಕಟ್ಟಿದ ಒಂದೇ ಒಂದು ಬೀಗದ ಕೈ ಕೊಡುತ್ತಾಳೆ.